ಕಿವಿಗೆ ಕಾಣುವ ಕಾಡು

ಕಳೆದ ಬೇಸಗೆಯ ಒಂದು ಸಂಜೆ, ನಾಗರಹೊಳೆಯ ಅರಣ್ಯದಲ್ಲಿ ಹತ್ತು ಹನ್ನೆರಡು ಮಂದಿ ಪಟ್ಟಣಿಗರನ್ನು ಹೊತ್ತು ಎರಡು ಗಂಟೆಯ ಕಾಲ ಧೂಳೆಬ್ಬಿಸುತ್ತ ತಿರುಗಿದ್ದ ಸಫಾರಿಯ ವಾಹನವು, ಬಿದಿರ ಮೆಳೆಗಳ ನಡುವಣ ಒಂದು ತಿರುವಿನಲ್ಲಿ, ಕಾಟಿಯೊಂದು ದಾರಿ ದಾಟಲೆಂದು ನಿಂತಿತು. ಕಾಟಿಯು ನಮ್ಮನ್ನು ಒಮ್ಮೆ ಅವಲೋಕಿಸಿ, ನಮ್ಮಲ್ಲಿ ಗಮನಾರ್ಹವಾದುದೇನೂ ಇಲ್ಲವೆಂದು ನಿಶ್ಚಯಿಸಿ, ತನ್ನ ಪಾಡಿಗೆ ತಾನು ಹೊರಟುಹೋಯಿತು. ಆದರೆ ಅದಕ್ಕಾಗಿ ಆರಿಸಿದ್ದ ಎಂಜಿನ್ನು ಮತ್ತೆ ಹೊತ್ತಲೊಲ್ಲದಾಯಿತು. ಚಾಲಕನು ನಾಲ್ಕಾರು ಬಾರಿ ಕೀಲಿಯನ್ನು ತಿರುವಿ ನೋಡಿ, "ಬ್ಯಾಟ್ರಿ ಹೋಯ್ತು ಸಾರ್, ಬೇರೆ ಗಾಡಿ ಬರೋಗಂಟ ಕೂತಿರಬೇಕು. ಯಾರೂ ಕೆಳಗೆ ಇಳೀಬ್ಯಾಡಿ" ಎಂದನು.

ಮೊದಲ ಐದು ನಿಮಿಷ ಅಸಮಾಧಾನದಲ್ಲಿ ಕಳೆಯಿತು. ಕೊಟ್ಟ ಹಣಕ್ಕೆ ತಕ್ಕ ದರ್ಶನವಾಗಲಿಲ್ಲವೆಂದು ಒಬ್ಬರು, ಈ ಕಾಡಿನಲ್ಲಿ ಹುಲಿಯೆಂಬುದು ಗೋಡೆಯ ಮೇಲಣ ಚಿತ್ರಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲವೆಂದು ಇನ್ನೊಬ್ಬರು, ಮಕ್ಕಳಿಗೆ ಮೃಗಾಲಯವನ್ನೇ ತೋರಿಸಿದ್ದರೆ ಆಗುತ್ತಿತ್ತೆಂದು ಮತ್ತೊಬ್ಬರು ನುಡಿದರು. ದೂರುವುದಕ್ಕೂ ಒಂದು ಮಿತಿಯಿರುವುದರಿಂದ ಕಟ್ಟಕಡೆಗೆ ಎಲ್ಲರೂ ಸುಮ್ಮನಾದೆವು. ಅದುವರೆಗೆ ಬರಿದಾಗಿ ತೋರಿದ್ದ ಕಾಡು ಆಗ ಮೆಲ್ಲಮೆಲ್ಲನೆ ತುಂಬತೊಡಗಿತು. ಒಣಗಿದ ಮತ್ತಿಯ ಕೊಂಬೆಯೊಂದರಲ್ಲಿ ಮರಕುಟಿಗವು ಬಿಟ್ಟು ಬಿಟ್ಟು ಬಡಿಯುತ್ತಿದ್ದಿತು. ಎಲ್ಲಿಯೋ ಎತ್ತರದಲ್ಲಿ ಕುಟ್ರುಹಕ್ಕಿಯೊಂದು ಆರಂಭಿಸಿದ ಮಾತನ್ನು ಇನ್ನೊಂದು ಎತ್ತಿಕೊಂಡು, ಅದರಿಂದ ಮೂರನೆಯದು ಎತ್ತಿಕೊಂಡು, ಕಣಿವೆಯ ಉದ್ದಕ್ಕೂ ಒಯ್ದವು. ತರಗೆಲೆಗಳಲ್ಲಿ ಹರಟೆಮಲ್ಲಗಳ ಹಿಂಡು ತಮ್ಮ ಹೆಸರಿಗೆ ಭಂಗ ಬಾರದಂತೆ ನಡೆದುಕೊಳ್ಳುತ್ತಿದ್ದಿತು. ಗಿಡುಗನ ಕೂಗೊಂದು ತೀರ ಸಮೀಪದಲ್ಲಿ ಕೇಳಿ ನಾವೆಲ್ಲ ತಲೆಯೆತ್ತಿದೆವು. ಚಾಲಕನ ಪಕ್ಕದಲ್ಲಿ ಕುಳಿತಿದ್ದ, ಹತ್ತಿರದ ಹಾಡಿಯೊಂದರ ತರುಣನು ನಕ್ಕು, "ಅದು ಗಿಡುಗ ಅಲ್ಲ ಸಾರ್, ಭೀಮರಾಜ. ಗಿಡುಗನ ಹಂಗೆ ಕೂಗಿ ಏಮಾರಿಸ್ತದೆ" ಎಂದನು.

ಆ ನಗೆ ಅರ್ಧಕ್ಕೇ ನಿಂತಿತು. ಹಡ್ಲಿನ ಹುಲ್ಲುಬಯಲ ಕಡೆಯಿಂದ ಜಿಂಕೆಯ ತೀಕ್ಷ್ಣವಾದ ಒಂದು ಕೂಗು ಬಂದಿತು. ಅದರ ಬೆನ್ನಿಗೇ ಮರದ ತುದಿಯಿಂದ ಮುಸುವಗಳ ಗಂಟಲು ಹರಿಯುವಂತಹ ಕೆಮ್ಮು. ತರುಣನು ಮಾತಾಡದೆ ಬೆರಳೊಂದನ್ನು ಗಾಳಿಯಲ್ಲಿ ಎತ್ತಿ ಹಿಡಿದನು. ಮುಂದಿನ ಜಿಂಕೆ ಸ್ವಲ್ಪ ಬಲಕ್ಕೆ ಕೂಗಿತು. ಬೆರಳು ಬಲಕ್ಕೆ ಸರಿಯಿತು. "ಹಳ್ಳ ಇಳೀತು" ಎಂದ. ನವಿಲೊಂದು ಗಾಬರಿಯಿಂದ ರೆಕ್ಕೆ ಬಡಿದು ಎದ್ದಿತು. "ಈಗ ಮೆಳೆ ಹಿಂದೆ ಐತೆ." ಬಳಿಕ ಬಹಳ ಹೊತ್ತು ಏನೂ ಇಲ್ಲ, ಹನ್ನೆರಡು ಮಂದಿಯ ಉಸಿರು ನನಗೆ ಕೇಳಿಸುತ್ತಿದ್ದಿತು. ಆಮೇಲೆ ಹಳ್ಳದ ಆಚೆಯ ದಡದಿಂದ, ಕಂಚಿನ ಪಾತ್ರೆಯನ್ನು ಒಮ್ಮೆಗೇ ಬಡಿದಂತೆ, ಕಡವೆಯ ಕೂಗು. ಬೆರಳು ಕೆಳಗಿಳಿಯಿತು. "ದಾಟಿ ಹೋಯ್ತು. ಜಿಂಕೆ ಸುಮ್ ಸುಮ್ಕೆ ಹೆದರ್ತದೆ ಸಾರ್, ಕಡವೆ ಸುಳ್ಳು ಹೇಳಾಕಿಲ್ಲ." ನಮ್ಮಿಂದ ನೂರು ಮಾರು ದೂರದಲ್ಲಿ ಈ ಕಾಡಿನ ಒಡೆಯನು ಸಾಗಿಹೋದನು, ಅವನ ಒಂದು ಕೂದಲನ್ನೂ ನಾವು ಕಾಣಲಿಲ್ಲ, ಆದರೆ ಎಲ್ಲಿಂದ ಬಂದ, ಎಲ್ಲಿ ತಡೆದು ನಿಂತ, ಎತ್ತ ಹೋದ ಎಂಬುದನ್ನು ನಾವೆಲ್ಲ ಬಲ್ಲವರಾದೆವು. ಅಷ್ಟರಲ್ಲಿ ನಮ್ಮನ್ನು ಕರೆದೊಯ್ಯಲು ಎರಡನೆಯ ವಾಹನವು ಗುಡುಗುತ್ತ ಬಂದಿತು, ಅದರೊಳಗಿನಿಂದ ಒಬ್ಬರು, "ಏನಾದರೂ ಸಿಕ್ಕಿತೇ?" ಎಂದು ಕೇಳಿದರು.

ಈ ಪ್ರಶ್ನೆಯಲ್ಲಿ ನಮ್ಮ ಅರಣ್ಯಯಾತ್ರೆಗಳ ದೋಷವೆಲ್ಲ ಅಡಗಿದೆಯೆಂಬುದು ನನ್ನ ಅಭಿಪ್ರಾಯ. ನಾವು ಕಾಡಿಗೆ ಹೋಗುವುದು ದೇವಾಲಯಕ್ಕೆ ಹೋದಂತೆ ದರ್ಶನಕ್ಕಾಗಿ. ಮೂಲವಿಗ್ರಹವು ಹುಲಿ, ಉತ್ಸವಮೂರ್ತಿಗಳು ಆನೆ ಚಿರತೆಗಳು, ಉಳಿದುವೆಲ್ಲ ಪ್ರಾಕಾರದ ಗೋಡೆಯ ಮೇಲಣ ಕೆತ್ತನೆ. ಮೂಲವಿಗ್ರಹದ ಮುಂದೆ ಪರದೆ ಎಳೆದಿದ್ದರೆ ಭಕ್ತನು ಯಾತ್ರೆ ನಿಷ್ಫಲವಾಯಿತೆಂದು ಹಿಂದಿರುಗುವನು. ಆದರೆ ನಾಗರಹೊಳೆಯಂತಹ ಕಾಡು ಕಣ್ಣಿಗೆ ಒಲಿಯುವ ಕಾಡಲ್ಲ. ತೇಗ, ಬೀಟೆ, ಹೊನ್ನೆ, ಮತ್ತಿಗಳ ನಡುವೆ ಬಿದಿರೂ ಲಂಟಾನವೂ ಹೆಣೆದುಕೊಂಡಿರುವಲ್ಲಿ ದೃಷ್ಟಿಯು ಇಪ್ಪತ್ತು ಮೂವತ್ತು ಮಾರುಗಳಿಗೆ ಕುಂಠಿತವಾಗುವುದು. ಶ್ರವಣಕ್ಕೆ ಮಾತ್ರ ಅಲ್ಲಿ ಪರದೆಯಿಲ್ಲ. ಕಾಡಿನ ಪ್ರಾಣಿಗಳೇ ಈ ನಿಯಮವನ್ನು ಒಪ್ಪಿ ತಮ್ಮ ಸಂಸಾರವನ್ನು ಕಟ್ಟಿಕೊಂಡಿವೆ. ಮರದ ಮೇಲಿನ ಮುಸುವಗಳು ಉದುರಿಸಿದ ಚಿಗುರನ್ನೂ ಹಣ್ಣನ್ನೂ ಜಿಂಕೆಗಳು ಕೆಳಗೆ ನಿಂತು ಮೇಯುತ್ತವೆ. ಮೇಲಿನವುಗಳ ಕಣ್ಣು, ಕೆಳಗಿನವುಗಳ ಮೂಗು, ಇವೆರಡರ ನಡುವೆ ಸಂದೇಶವನ್ನು ಸಾಗಿಸುವ ಕೂಗು. ಕೆನ್ನಾಯಿಗಳು ಚದರಿದ ತಮ್ಮ ಬಳಗವನ್ನು ಸಿಳ್ಳೆ ಹಾಕಿ ಕೂಡಿಸಿಕೊಳ್ಳುತ್ತವೆ. ಆನೆಗಳಾದರೋ ನಮ್ಮ ಕಿವಿಗೆ ನಿಲುಕದಷ್ಟು ಕೆಳಗಿನ ಸ್ಥಾಯಿಯಲ್ಲಿ ಮೈಲಿಗಟ್ಟಲೆ ದೂರಕ್ಕೆ ಮಾತನಾಡಿಕೊಳ್ಳುತ್ತವೆಂದು 1980ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅಂದರೆ, ಕಬಿನಿಯ ಹಿನ್ನೀರಿನ ದಂಡೆಯಲ್ಲಿ ಮೌನವಾಗಿ ಮೇಯುತ್ತಿರುವಂತೆ ನಮಗೆ ತೋರುವ ಹಿಂಡು ವಾಸ್ತವವಾಗಿ ಒಂದು ದೀರ್ಘ ಸಂಭಾಷಣೆಯಲ್ಲಿ ತೊಡಗಿರಬಹುದು.

ಇಂತಹ ವಿದ್ಯೆಯು ನಮ್ಮವರಿಗೆ ಹೊಸದೂ ಅಲ್ಲ. ಷಡ್ಜವು ನವಿಲಿನ ಕೇಕೆಯಿಂದ, ಪಂಚಮವು ಕೋಗಿಲೆಯಿಂದ, ನಿಷಾದವು ಆನೆಯ ಬೃಂಹಿತದಿಂದ ಹುಟ್ಟಿತೆಂದು ಹೇಳಿದ ಸಂಗೀತಶಾಸ್ತ್ರದ ಪೂರ್ವಿಕರು ಕಾಡಿನ ಅಂಚಿನಲ್ಲಿ ಕಿವಿಗೊಟ್ಟು ಕುಳಿತಿದ್ದವರೇ ಇರಬೇಕು. ಕಚೇರಿಗೆ ಹೋಗಿ ಬಂದ ರಸಿಕನು ವಿದ್ವಾಂಸರನ್ನು ಚೆನ್ನಾಗಿ ಕಂಡೆನೆಂದು ಸಂತೋಷಪಡುವುದಿಲ್ಲ. ಕಂಬದ ಮರೆಯಲ್ಲಿ ಸ್ಥಳ ಸಿಕ್ಕಿದರೂ ತೋಡಿಯ ಆಲಾಪನೆ ಅವನ ಪಾಲಿಗೆ ಪೂರ್ಣವಾಗಿಯೇ ಸಲ್ಲುತ್ತದೆ. ಅದೇ ರಸಿಕನು ಕಾಡಿನ ಬಾಗಿಲಿಗೆ ಬಂದೊಡನೆ ಕಿವಿಯನ್ನು ಮನೆಯಲ್ಲಿ ಬಿಟ್ಟು ಬಂದವನಂತಾಗುವುದು ಸೋಜಿಗವಲ್ಲವೆ? ತಿಳಿವಿಗೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಹೇಳಿದ ನಾಡಿನಲ್ಲಿ ಮೊದಲನೆಯ ಮೆಟ್ಟಿಲನ್ನೇ ನಾವು ಹಾರಿಹೋಗುತ್ತಿದ್ದೇವೆ.

ಕೇಳುವುದೆಲ್ಲ ತಾನಾಗಿಯೇ ಪುಣ್ಯಕಾರ್ಯವೆಂದು ನಾನು ಹೇಳುತ್ತಿಲ್ಲ. ಸರಯೂ ತೀರದ ಕತ್ತಲಲ್ಲಿ ಕೊಡದೊಳಗೆ ನೀರು ತುಂಬುವ ಸದ್ದನ್ನು ಕೇಳಿ, ಆನೆ ನೀರು ಕುಡಿಯುತ್ತಿದೆಯೆಂದು ಬಗೆದು ಬಾಣ ಬಿಟ್ಟ ದಶರಥನೂ ಕಿವಿಯನ್ನೇ ನಂಬಿದವನು. ಅವನಿಗೆ ಶಬ್ದವು ಗುರಿಯಾಗಿತ್ತು, ಅರ್ಥವಾಗಿರಲಿಲ್ಲ. ಕಬಿನಿಯ ತೀರದಲ್ಲಿಯೂ ಮನುಷ್ಯನು ಶಬ್ದವನ್ನು ಆಯುಧವಾಗಿ ಹಿಡಿದ ಕಾಲವೊಂದಿತ್ತು. ಕಾಕನಕೋಟೆಯ ಖೆಡ್ಡಾಗಳಲ್ಲಿ ತಮಟೆ ನಗಾರಿಗಳೂ ಕೇಕೆಗಳೂ ಬೆಂಕಿಯ ಪಂಜುಗಳೂ ಒಂದು ಅದೃಶ್ಯವಾದ ಬೇಲಿಯಾಗಿ ಆನೆಗಳ ಹಿಂಡನ್ನು ಹೊಳೆಗೆ ಅಟ್ಟುತ್ತಿದ್ದುವು, ಹೊಳೆಯಿಂದ ದೊಡ್ಡಿಗೆ ನೂಕುತ್ತಿದ್ದುವು. ಆ ಬೇಟೆಯನ್ನು ನೋಡಲೆಂದು ರಾಜಪ್ರತಿನಿಧಿಗಳೂ ವಿದೇಶದ ಅತಿಥಿಗಳೂ ಬಂದು ಅಟ್ಟಣೆಗಳ ಮೇಲೆ ಕುಳಿತಿರುತ್ತಿದ್ದರು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಅದಾದ ಸ್ವಲ್ಪ ಕಾಲಕ್ಕೇ, 1974ರ ವೇಳೆಗೆ, ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಮುಗಿದು, ಹೊಳೆಯೂ ಹೊಳೆಯ ಎರಡು ಮಗ್ಗುಲಿನ ಕಾಡೂ ಊರುಗಳೂ ನೀರಿನಡಿ ಸೇರಿದುವು. ಇಂದಿಗೂ ಹಿನ್ನೀರಿನ ನಡುವೆ ನಿಂತಿರುವ ಸತ್ತ ಮರಗಳು ಆ ಮುಳುಗಿದ ಕಾಡಿನ ತುದಿಗಳು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತವೆ, ಚಳಿಗಾಲದಲ್ಲಿ ದೂರದೇಶದಿಂದ ಬಂದ ಮೀನುಡೇಗೆಗಳು ಕುಳಿತು ನೀರನ್ನು ಪರೀಕ್ಷಿಸುತ್ತವೆ. ಬೇಸಗೆಯಲ್ಲಿ ನೀರು ಹಿಂಜರಿದಾಗ ಕೆಸರಿನಲ್ಲಿ ಹೊಸ ಹುಲ್ಲು ಚಿಗುರುವುದು. ಸುತ್ತಣ ಕಾಡುಗಳ ಆನೆಗಳು ಅಲ್ಲಿಗೆ ನೂರುಗಟ್ಟಲೆಯಾಗಿ ನೆರೆಯುವುವು. ಏಷ್ಯದ ಆನೆಗಳ ಇಂತಹ ಸಮಾವೇಶ ಲೋಕದಲ್ಲಿಯೇ ವಿರಳ. ನಾವು ಪ್ರಕೃತಿಯ ಆದಿಮ ವೈಭವವೆಂದು ಬೆರಗಾಗಿ ನೋಡುವ ಈ ದೃಶ್ಯವು, ಮನುಷ್ಯನು ಮಾಡಿದ ಒಂದು ದೊಡ್ಡ ಹಾನಿಯ ಅಂಚಿನಲ್ಲಿ ಪ್ರಾಣಿಗಳು ತಮಗಾಗಿ ರೂಢಿಸಿಕೊಂಡ ಹೊಂದಾಣಿಕೆ.

ಆದುದರಿಂದ, ಕಾಡನ್ನು ನೋಡಹೋಗುವ ನಾವು ಯಾವ ಮನೆಗೆ ಅತಿಥಿಗಳಾಗಿ ಹೋಗುತ್ತಿದ್ದೇವೆಂಬುದನ್ನು ನೆನೆಯುವುದು ಯುಕ್ತ. 1955ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ, ಮೆಲ್ಲಗೆ ವಿಸ್ತರಿಸಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ 643 ಚದರ ಕಿಲೋಮೀಟರುಗಳಲ್ಲಿ 250ಕ್ಕೂ ಮಿಕ್ಕ ಬಗೆಯ ಹಕ್ಕಿಗಳಿವೆ. ದಕ್ಷಿಣಕ್ಕೆ ಬಂಡೀಪುರ, ಅದರಾಚೆ ಮುದುಮಲೆ, ನೈಋತ್ಯಕ್ಕೆ ವಯನಾಡು; ಪ್ರಾಣಿಗಳ ಎಣಿಕೆಯಲ್ಲಿ ಇವೆಲ್ಲವೂ ಒಂದೇ ಕಾಡು, ಗಡಿಗಳು ನಮ್ಮ ಎಣಿಕೆಯವು. ಈ ಕಾಡಿನ ಭಾಷೆಯನ್ನು ತಲೆತಲಾಂತರದಿಂದ ಬಲ್ಲ ಜೇನುಕುರುಬರೂ ಬೆಟ್ಟಕುರುಬರೂ ಯರವರೂ ಇಲ್ಲಿಯ ಮೂಲನಿವಾಸಿಗಳು. ಕಾಡನ್ನು ಕಾಯುವ ಹೆಸರಿನಲ್ಲಿ ಅವರಲ್ಲಿ ಅನೇಕರ ಹಾಡಿಗಳು ಹೊರಕ್ಕೆ ಸರಿದುವು. ಆ ಸ್ಥಳಾಂತರದ ನ್ಯಾಯಾನ್ಯಾಯಗಳ ವ್ಯಾಜ್ಯ ಇನ್ನೂ ಮುಗಿದಿಲ್ಲ. ಹಾಗಿದ್ದೂ ಮತ್ತಿಗೋಡು, ಬಳ್ಳೆಗಳ ಆನೆಶಿಬಿರಗಳಲ್ಲಿ ಮಾವುತರಾಗಿ, ಕಾವಾಡಿಗಳಾಗಿ ದುಡಿಯುವವರು ಬಹುಪಾಲು ಅವರೇ. ದಸರೆಯ ಮೆರವಣಿಗೆಯಲ್ಲಿ ಅಂಬಾರಿಯನ್ನು ಹೊತ್ತ ಆನೆಗೆ ನಾಡೆಲ್ಲ ಕೈಮುಗಿಯುತ್ತದೆ. ಅದರ ಕಿವಿಯ ಹಿಂದೆ ಪಾದವನ್ನಿಟ್ಟು, ಲಕ್ಷ ಜನರ ಗದ್ದಲದ ನಡುವೆಯೂ ತನ್ನ ಒಂದು ಮೆಲುನುಡಿಯನ್ನು ಅದಕ್ಕೆ ಕೇಳಿಸಬಲ್ಲವನ ಹೆಸರು ಎಷ್ಟು ಮಂದಿಗೆ ಗೊತ್ತು?

ಕಣ್ಣಿನ ವಿದ್ಯೆಯನ್ನು ನಾನು ಹಳಿಯುವುದಿಲ್ಲ. ಇದೇ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹಾದಿಯ ಬದಿಯಲ್ಲಿ ಕ್ಯಾಮೆರಾಗಳನ್ನು ಕಟ್ಟಿ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲವೆಂಬ ಆಧಾರದ ಮೇಲೆ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ರೂಢಿಗೆ ತಂದುದರಿಂದ, ಹೆಜ್ಜೆಗುರುತುಗಳನ್ನು ಎಣಿಸುವ ಹಳೆಯ ಅನಿಶ್ಚಯ ತೊಲಗಿತು. ಆದರೆ ಆ ಕ್ಯಾಮೆರಾಕ್ಕೂ ನಮ್ಮ ಕೊರಳಿನಲ್ಲಿ ತೂಗುವ ಕ್ಯಾಮೆರಾಕ್ಕೂ ಇರುವ ಅಂತರವನ್ನು ಗಮನಿಸಬೇಕು. ಅದು ಮರಕ್ಕೆ ಒರಗಿ ವಾರಗಟ್ಟಲೆ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ನಮ್ಮದು ಗಳಿಗೆಗೊಮ್ಮೆ ಸ್ಥಳ ಬದಲಿಸುತ್ತದೆ. ಎಲ್ಲಿಯೋ ಹುಲಿ ಕಂಡಿತೆಂಬ ಸುದ್ದಿ ಹಬ್ಬಿದೊಡನೆ ನಾಲ್ಕು ದಿಕ್ಕುಗಳಿಂದ ವಾಹನಗಳು ಓಡಿಬಂದು, ಒಂದರ ಮುಂದೆ ಒಂದು ತೂರಿ, ಹುಲಿಯ ದಾರಿಯನ್ನೇ ಕಟ್ಟಿ ನಿಲ್ಲುವುದನ್ನು ಕಂಡವರಿಗೆ ಖೆಡ್ಡಾದ ನೆನಪಾದರೆ ಅಚ್ಚರಿಯಿಲ್ಲ. ಹುಲಿಯನ್ನು ಹಿಡಿಯುವ ಉದ್ದೇಶ ನಮಗಿಲ್ಲವೆಂಬುದು ನಿಜ. ಹುಲಿಗೆ ಅದು ಹೇಗೆ ತಿಳಿಯಬೇಕು?

ಇದಕ್ಕೆ ಎದುರು ಹೇಳುವವರ ಮಾತಿನಲ್ಲಿಯೂ ಹುರುಳುಂಟು. ವರ್ಷಕ್ಕೊಂದು ಬಾರಿ ರಜೆ ದೊರೆತು, ಮಕ್ಕಳ ಹಟಕ್ಕೆ ಕಟ್ಟುಬಿದ್ದು, ಸಂಬಳದಲ್ಲಿ ಉಳಿಸಿದ ಹಣ ಕೊಟ್ಟು ಬರುವ ಗೃಹಸ್ಥನು ಹುಲಿಯನ್ನು ಕಾಣಬೇಕೆಂದು ಬಯಸುವುದು ಅಪರಾಧವೇ? ಆ ಬಯಕೆಯಿಂದಲೇ ಚಾಲಕರ, ಹೋಟೆಲಿನವರ, ಸುತ್ತಣ ಹಳ್ಳಿಗಳ ಅನೇಕರ ಹೊಟ್ಟೆ ತುಂಬುತ್ತಿಲ್ಲವೇ? ಕಾಡಿನ ಅಂಚಿನ ರೈತನು ರಾತ್ರಿಯೆಲ್ಲ ಪಟಾಕಿ ಹಾರಿಸಿ, ಡಬ್ಬ ಬಡಿದು, ಕೂಗಿ ಕೂಗಿ ಆನೆಗಳಿಂದ ರಾಗಿಯ ಹೊಲವನ್ನು ಉಳಿಸಿಕೊಳ್ಳುತ್ತಿರುವಾಗ, ಪಟ್ಟಣದವನೊಬ್ಬನು ಬಂದು ಮೌನದ ಮಹಿಮೆಯನ್ನು ಉಪದೇಶಿಸುವುದು ಉದ್ಧಟತನವಲ್ಲವೇ? ರೈತನ ಗದ್ದಲಕ್ಕೆ ನನ್ನ ಆಕ್ಷೇಪಣೆಯಿಲ್ಲ. ಅದು ಅವನ ಅನ್ನದ ಪ್ರಶ್ನೆ, ಅದಕ್ಕೆ ಬೇಲಿಯೂ ಸಕಾಲದ ಪರಿಹಾರವೂ ಉತ್ತರವೇ ಹೊರತು ಉಪದೇಶವಲ್ಲ. ಗೃಹಸ್ಥನ ಬಯಕೆಯೂ ಸಹಜವೇ. ಆದರೆ ಬಂದವರಲ್ಲಿ ಹಲವರಿಗೆ ಹುಲಿ ಕಾಣದಿರುವುದೇ ಕಾಡಿನ ಸ್ವಭಾವವಾಗಿರುವಾಗ, ಹುಲಿಯೊಂದನ್ನೇ ಆಸೆ ತೋರಿಸಿ ಕರೆತರುವ ವ್ಯವಸ್ಥೆಯು ಆ ಹಲವರನ್ನು ವಂಚಿತರೆಂಬ ಭಾವದಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ನಾನು ಕೇಳುತ್ತಿರುವುದು ಅವರಿಗೆ ಸಲ್ಲತಕ್ಕುದನ್ನು ಕಡಿಮೆ ಮಾಡೆಂದಲ್ಲ, ಹೆಚ್ಚು ಮಾಡೆಂದು.

ಅದಕ್ಕೆ ದೊಡ್ಡ ವೆಚ್ಚವೇನೂ ಬೇಡ. ಪ್ರತಿಯೊಂದು ಸಫಾರಿಯಲ್ಲಿಯೂ, ನೀರಿನ ಕಟ್ಟೆಯ ಬಳಿಯೋ ಹಡ್ಲಿನ ಅಂಚಿನಲ್ಲಿಯೋ, ಎಂಜಿನ್ನನ್ನು ಆರಿಸಿ ಕಾಲು ಗಂಟೆ ಸುಮ್ಮನೆ ಕುಳಿತಿರತಕ್ಕದ್ದೆಂಬ ಒಂದು ನಿಯಮವನ್ನು ಇಲಾಖೆಯು ಮಾಡಲಿ. ಯಂತ್ರ ಕೆಟ್ಟಾಗ ನಮಗೆ ಆಕಸ್ಮಿಕವಾಗಿ ಒದಗಿದ ಭಾಗ್ಯವು ಎಲ್ಲರಿಗೂ ಕ್ರಮವಾಗಿ ಒದಗಲಿ. ಕಾಡನ್ನು ಹೊಗುವ ಮುನ್ನ, ಹಾಡಿಗಳ ಹಿರಿಯರನ್ನೂ ತರುಣರನ್ನೂ ತಕ್ಕ ಸಂಬಳ ಕೊಟ್ಟು ಗುರುಗಳಾಗಿ ನೇಮಿಸಿ, ಯಾವ ಕೂಗು ಯಾರದು, ಯಾವುದು ಸಲ್ಲಾಪ, ಯಾವುದು ಎಚ್ಚರಿಕೆ ಎಂಬುದನ್ನು ಅರ್ಧ ಗಂಟೆ ಹೇಳಿಸಲಿ. ಕಾಡಿನಿಂದ ಹೊರಗೆ ಸರಿದವರು ಕಾಡಿನ ಬಾಗಿಲಲ್ಲಿ ಆಚಾರ್ಯಪದವಿಯಲ್ಲಿ ಕೂರುವುದು ಹಳೆಯ ಋಣದಲ್ಲಿ ಅತ್ಯಲ್ಪ ಭಾಗವನ್ನಾದರೂ ತೀರಿಸೀತು. ಹುಲಿಯನ್ನು ತೋರಿಸಿದ ಚಾಲಕನ ಕೈಗೆ ನೋಟನ್ನು ತುರುಕುವ ನಮ್ಮ ಅಭ್ಯಾಸವನ್ನು ನಾವೇ ಬಿಡಬೇಕು. ಆ ನೋಟೇ ಮರುದಿನ ಅವನನ್ನು ಓಡಿಸುತ್ತದೆ.

ಕಾಡಿನ ಮೌನಕ್ಕೆ ನಾಡು ಒಮ್ಮೆ ಬೆಲೆ ಕೊಟ್ಟ ಉದಾಹರಣೆಯೊಂದು ನಮ್ಮ ಕಣ್ಣೆದುರಿಗೇ ಇದೆ. ಬಂಡೀಪುರದ ನಡುವೆ ಮೈಸೂರಿನಿಂದ ಕೋಯಿಕ್ಕೋಡಿಗೆ ಹೋಗುವ ಹೆದ್ದಾರಿಯಲ್ಲಿ, ಬೆಳಕಿಗೆ ಕಣ್ಣು ಕುಕ್ಕಿ ನಿಂತ ಜಿಂಕೆಗಳೂ ಆನೆಗಳೂ, ಬಿಸಿ ರಸ್ತೆಯ ಮೇಲೆ ಕೂರುವ ನತ್ತಿಂಗಗಳೂ ಚಕ್ರಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ, 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಂತಿತು. ಮರುವರ್ಷ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರೋಗಿಗಳ ವಾಹನಕ್ಕೂ ಕೆಲವು ಬಸ್ಸುಗಳಿಗೂ ಅಂದಿನಿಂದ ಅವಕಾಶವುಂಟು. ತರಕಾರಿಯ ಲಾರಿ ಸುತ್ತಿ ಬಳಸಿ ಹೋಗಬೇಕಾದ ವಯನಾಡಿನವರ ತೊಂದರೆ ಕಲ್ಪಿತವಲ್ಲವೆಂದು ನಾನು ಬಲ್ಲೆ. ಆದಾಗ್ಯೂ, ನಿಷೇಧವನ್ನು ತೆಗೆಯಬೇಕೆಂಬ ಕೂಗು ಎದ್ದಾಗಲೆಲ್ಲ ನನಗೆ ಹೊಳೆಯುವುದಿದು: ಆ ಒಂಬತ್ತು ಗಂಟೆಗಳಲ್ಲಿ ಕಾಡಿಗೆ ದಕ್ಕುವುದು ಖಾಲಿ ರಸ್ತೆ ಮಾತ್ರವಲ್ಲ, ಒಂದರ ಕೂಗು ಇನ್ನೊಂದಕ್ಕೆ ಮುಟ್ಟುವ ರಾತ್ರಿ. ಎಚ್ಚರಿಕೆಯ ಕೂಗಿನ ಮೇಲೆ ಪ್ರಾಣವೇ ನಿಂತಿರುವ ಜೀವಿಗಳಿಗೆ ಅದು ಅಲಂಕಾರವಲ್ಲ, ಆಹಾರದಷ್ಟೇ ಅಗತ್ಯ. ಅದನ್ನು ಅವುಗಳಿಂದ ಮತ್ತೆ ಕಿತ್ತುಕೊಳ್ಳಬಾರದು.

ನಾಗರಹೊಳೆಯಿಂದ ಹಿಂದಿರುಗಿದ ಮೂರನೆಯ ದಿನ, ಮೈಸೂರಿನ ಮನೆಯ ಜಗಲಿಯಲ್ಲಿ ಕುಳಿತು ನಾನು ಪತ್ರಿಕೆ ಓದುತ್ತಿದ್ದೆ. ಹಿತ್ತಿಲಿನ ಸಂಪಗೆಯ ಮರದಲ್ಲಿ ಅಳಿಲೊಂದು ಚಿಕ್ ಚಿಕ್ಕೆಂದು ಒಂದೇ ಸಮನೆ ಕೂಗುತ್ತಿದ್ದಿತು. ಇಪ್ಪತ್ತು ವರ್ಷಗಳಿಂದ ಆ ಮರದಲ್ಲಿ ಅಳಿಲುಗಳು ಹಾಗೆ ಕೂಗಿವೆ. ಇಪ್ಪತ್ತು ವರ್ಷಗಳಿಂದ ನಾನು ಅದನ್ನು ಅಳಿಲಿನ ಸದ್ದೆಂದು ಮಾತ್ರ ತಿಳಿದಿದ್ದೆ. ಆ ದಿನ ಪತ್ರಿಕೆಯನ್ನು ಮಡಿಚಿ ಆಲಿಸಿದೆ. ಕೂಗು ಮರದ ಬುಡದಿಂದ ನಡುವಿಗೆ, ನಡುವಿನಿಂದ ರಸ್ತೆಯ ಕಡೆಯ ಕೊಂಬೆಗೆ ಸರಿಯಿತು. ಗೋಡೆಯಾಚೆ ಹರಟುತ್ತಿದ್ದ ಮೈನಾಗಳು ತಟಕ್ಕನೆ ನಿಂತುವು. ನನಗರಿವಿಲ್ಲದೆಯೇ ಬೆರಳೊಂದು ಮೇಲೆದ್ದು ಎಡಕ್ಕೆ ಸರಿದಿತ್ತು. ಆ ಬೆರಳಿನ ತುದಿಗೆ ನೇರವಾಗಿ, ಕಾಂಪೌಂಡಿನ ಗೋಡೆಯ ಮೇಲೆ, ಪಕ್ಕದ ಮನೆಯ ಬೂದುಬಣ್ಣದ ಬೆಕ್ಕು ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡು ಹೆಜ್ಜೆ ಹೆಜ್ಜೆಯಾಗಿ ಬರುತ್ತಿದ್ದಿತು.